ಕುಂಪಣಿ ದಂಡಿನ ಮಣ್ಣಿನ ಸಿಪಾಯಿಗಳು

ಕಾರ್ಗಿಲ್ ಯುದ್ಧ ಮುಗಿದ ವರ್ಷ ನಾನು ರಾಮದುರ್ಗದಲ್ಲಿ ಏಳನೆಯ ಇಯತ್ತೆಯಲ್ಲಿದ್ದೆ. ಇಡೀ ಊರಿಗೇ ದೇಶಭಕ್ತಿಯ ಜ್ವರ ಬಂದಂತಿತ್ತು. ನಮ್ಮ ಡ್ರಾಯಿಂಗ್ ಸರ್, ಶಾಲೆಯ ಪ್ರದರ್ಶನಕ್ಕೆ ಕಿತ್ತೂರಿನ ಯುದ್ಧವನ್ನೇ ಮಣ್ಣಿನಲ್ಲಿ ಮಾಡೋಣ ಎಂದರು. ಕೋಟೆಗೆ, ರಾಣಿಗೆ, ಕುದುರೆಗಳಿಗೆ ಎಲ್ಲರೂ ಕೈ ಎತ್ತಿದರು. ಬ್ರಿಟಿಷರ ದಂಡು ಮಾಡಲು ಒಬ್ಬರೂ ಇಲ್ಲ. ಸರ್ ನನ್ನ ಕಡೆ ನೋಡಿದರು.

"ನಿಮ್ಮವ್ವ ಮಾಡಿದ ಮಣ್ಣೆತ್ತು ನೋಡೇನಿ ನಾ. ನಿಮ್ಮ ಮನ್ಯಾಗ ಕೈಗುಣ ಐತಿ. ಕುಂಪಣಿ ದಂಡ ನೀ ಮಾಡವಾ. ಛಂದ ಆತಂದ್ರ ಎಲ್ಲಾನೂ ಬೆಳಗಾವಿ ಪ್ರದರ್ಶನಕ್ಕ ಒಯ್ಯೂಣು."

ಬೆಳಗಾವಿ ಎಂದದ್ದೇ ತಡ, ಹೂಂ ಅಂದುಬಿಟ್ಟೆ. ಹುಚ್ಚು ಹುಡುಗಿ!

ಪ್ರತಿ ಮಣ್ಣೆತ್ತಿನ ಅಮಾವಾಸ್ಯೆಗೆ ಓಣಿಯ ಅರ್ಧ ಮನೆಗಳಿಗೆ ಎತ್ತು ಮಾಡಿಕೊಡುತ್ತಿದ್ದವಳು ನನ್ನವ್ವ. ಮಣ್ಣಿಗೆ ಹತ್ತಿ ಬೆರೆಸಿ ಕುಟ್ಟಿದರೆ ಬಿರುಕು ಬಿಡುವುದಿಲ್ಲ ಎಂದು ಕಲಿಸಿದಳು. ಒಂದು ತಿಂಗಳು ಇಬ್ಬರೂ ಕುಳಿತು ನಲವತ್ತು ಸಿಪಾಯಿಗಳನ್ನು ಮಾಡಿದೆವು. ಕೆಮ್ಮಣ್ಣಿನ ಅಂಗಿ, ಸುಣ್ಣದ ಪ್ಯಾಂಟು, ಕಾಡಿಗೆಯ ಮೀಸೆ. ಬೇಸತ್ತು ನಾನು ಮೂಗಿಲ್ಲದ ಒಬ್ಬನನ್ನು ಸಾಲಿಗೆ ಸೇರಿಸಿದರೆ ಅವ್ವ ಅವನನ್ನು ತಿರುಗಿ ನನ್ನ ಕೈಗೇ ಕೊಟ್ಟಳು. "ವೈರಿ ಆದ್ರೇನ, ಮೂಗ ಬ್ಯಾಡೇನ ಅವಂಗ?"

ಪ್ರದರ್ಶನದ ಹಿಂದಿನ ದಿನ ಹೆಡ್‌ಮಾಸ್ತರರು ನೋಡಲು ಬಂದರು. ನನ್ನ ದಂಡಿನ ಮುಂದೆಯೇ ಬಹಳ ಹೊತ್ತು ನಿಂತರು. ನಾನು ಉಬ್ಬಿಹೋದೆ.

"ಏನ್ರಿ ಇದು, ನಮ್ಮ ಕೋಟಿಗಿಂತ ವೈರಿ ದಂಡ ಛಂದ ಕಾಣತೈತಲ್ರಿ! ಬಂದ ಮಂದಿ ಏನಂದಾರು?" ಎಂದರು ಸರ್‌ಗೆ.

"ನಾ ನೋಡ್ಕೋತೇನ್ರಿ," ಎಂದು ಸರ್ ನಕ್ಕರು. ನನ್ನ ಬೆನ್ನು ತಟ್ಟಿ ಭೇಷ್ ಎಂದು ಮನೆಗೆ ಕಳಿಸಿದರು. ಕೋಟೆ ಮಾಡಿದವರನ್ನು ಮಾತ್ರ ನಿಲ್ಲಿಸಿಕೊಂಡರು. ಅವರಲ್ಲಿ ನನ್ನ ಬೆಂಚಿನ ಗೆಳತಿಯೂ ಇದ್ದಳು. ಮರುದಿನ ನನ್ನ ಜೊತೆಗೇ ಶಾಲೆಗೆ ಬಂದಳು, ದಾರಿಯಲ್ಲಿ ನನ್ನ ಕೈಯ ಪೇರಲಹಣ್ಣನ್ನೂ ತಿಂದಳು, ಆದರೆ ಒಂದು ಮಾತು ಹೇಳಲಿಲ್ಲ.

ಶಾಲೆಯ ಅಂಗಳದ ತುಂಬ ಮಂದಿ. ಅವ್ವ ಟ್ರಂಕಿನ ಸೀರೆ ಉಟ್ಟು, ಓಣಿಯ ಹೆಂಗಸರನ್ನೂ ಕರೆದುಕೊಂಡು ಬಂದು ಮುಂದೆ ಕುಳಿತಿದ್ದಳು. ಸರ್ ಮೈಕಿನಲ್ಲಿ ಯುದ್ಧದ ಕಥೆ ಹೇಳುತ್ತ ಹೇಳುತ್ತ, "ಈಗ ನೋಡ್ರಿ, ಕಿತ್ತೂರ ಮಂದಿ ಕುಂಪಣಿ ದಂಡಿಗೆ ಏನ್ ಗತಿ ಕಾಣಸ್ತಾರ!" ಎಂದು ಕೂಗಿದರು. ಕೋಟೆಯವರು ಜೈ ಎನ್ನುತ್ತ ಬಂದು ನನ್ನ ಸಿಪಾಯಿಗಳ ಮೇಲೆ ಕುಣಿದರು. ಮೊದಲು ಕಾಲಿಟ್ಟವಳು ನನ್ನ ಗೆಳತಿಯೇ. ನಂಬಿಸಿ ಗೋಣು ಕೊಯ್ಯುವುದು ಎಂದರೆ ಇದೇ.

ನಾನು ಓಡಿಹೋಗಿ ಅಡ್ಡ ನಿಂತೆ. ಸರ್ ಮೈಕಿಗೆ ಕೈ ಮುಚ್ಚಿ, ಹಲ್ಲು ಕಚ್ಚಿ, "ನೀನೂ ತುಳಿ. ವೈರಿ ಸಲುವಾಗಿ ಅಳತೀಯೇನ? ಮಂದಿ ನೋಡಾಕ್ಹತ್ಯಾರ," ಎಂದರು.

"ಬೆಳಗಾವಿಗೆ ಒಯ್ಯೂಣು ಅಂದಿದ್ರಿ ಸರ್..."

"ಕೋಟಿ ಹೋಗತೈತಿ."

ಉಳಿದಿದ್ದವನು ಕುದುರೆಯ ಮೇಲಿನ ಸಾಹೇಬನೊಬ್ಬನೇ. ಅವನನ್ನು ಅವ್ವ ಎರಡು ದಿನ ಕುಳಿತು ತಾನೇ ಮಾಡಿದ್ದಳು. ನಾನು ಕಣ್ಣು ಮುಚ್ಚಿ ತುಳಿದೆ. ಅವತ್ತು ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿದ್ದದ್ದು ನನಗೆ.

ಅವ್ವನ ಜೊತೆ ಮನೆಗೆ ಬರುವಾಗ ದಾರಿಯುದ್ದಕ್ಕೂ ಸರ್‌ಗೆ ಬೈದೆ, ಗೆಳತಿಗೆ ಬೈದೆ, ಅವರ ಕೈ ಸೇದಿಹೋಗಲಿ ಎಂದು ಶಾಪ ಹಾಕಿದೆ. ಅವ್ವ ಬಾಗಿಲ ಕೀಲಿ ತೆಗೆದು, ಹೊಸ್ತಿಲಲ್ಲೇ ನಿಂತು ನನ್ನ ಮುಖ ನೋಡಿದಳು.

"ಅವ್ರು ತುಳದ್ರ ತುಳೀಲಿ, ಅವ್ರೇನ ಮಾಡಿದವ್ರಲ್ಲ. ನೀ ನನ್ನ ಬಾಜೂಕ ಕುಂತ ಮಾಡಿದಾಕಿ. ನೀ ಹೆಂಗ ತುಳದಿ?"