ಮರೆವಿನ ಪರೀಕ್ಷೆಗೆ ಟ್ಯೂಷನ್

ನನ್ನಲ್ಲಿ ಹೊಟ್ಟೆಕಿಚ್ಚು ಇದೆ ಅನ್ನುವುದು ಬಹಳ ವರ್ಷ ನನಗೇ ಗೊತ್ತಿರಲಿಲ್ಲ. ಗೊತ್ತಾಗುವ ಸಂದರ್ಭ ಬಂದಿರಲಿಲ್ಲ, ಅಷ್ಟೆ. ಶಾಲೆಯಲ್ಲಿ ನಾನೇ ಮೊದಲು, ಕಾಲೇಜಿನಲ್ಲಿ ನಾನೇ ಮೊದಲು. ಮುಂದೆ ಯಾರೂ ಇಲ್ಲದವಳು ಯಾರ ಬೆನ್ನು ನೋಡಿ ಉರಿಯಬೇಕು? ಆ ಬೆನ್ನು ಕೊನೆಗೂ ಕಂಡದ್ದು ನಮ್ಮದೇ ಲ್ಯಾಬಿನಲ್ಲಿ. ನನಗಿಂತ ಚಿಕ್ಕವಳು, ಕೆಂಗೇರಿ ಉಪನಗರದಿಂದ ದಿನಾ ಮೆಟ್ರೋ ಹತ್ತಿ ಬರುವವಳು, ನನ್ನನ್ನು ಬಾಯಿತುಂಬ ಅಕ್ಕಾ ಎಂದು ಕರೆಯುವವಳು.

ಇಬ್ಬರದೂ ಆಲ್ಝೈಮರ್ಸ್ ಸಂಶೋಧನೆ. ನನ್ನದು ಇಲಿ, ಪ್ರೋಟೀನು, ಸೂಕ್ಷ್ಮದರ್ಶಕದ ಲೋಕ. ಅವಳದು ಬಡಾವಣೆಗಳಲ್ಲಿ ಶಿಬಿರ ಹಾಕಿ ವಯಸ್ಸಾದವರ ನೆನಪಿನ ಶಕ್ತಿ ಪರೀಕ್ಷಿಸುವ ಕೆಲಸ. ಪ್ಲಾಸ್ಟಿಕ್ ಕುರ್ಚಿ, ಬಿಸ್ಕೆಟ್ಟು, ಮಜ್ಜಿಗೆ. ನಿಜ ಹೇಳಬೇಕೆಂದರೆ ನಾನು ಅದನ್ನು ವಿಜ್ಞಾನದ ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಮಾಜಸೇವೆ, ಪಾಪ, ಮಾಡಿಕೊಳ್ಳಲಿ ಅಂದುಕೊಂಡಿದ್ದೆ.

ಆಗ ನಗರದ ಆಚೆ ತುದಿಯ ದೊಡ್ಡ ಸಂಸ್ಥೆಯೊಂದು ಈ ಕಾಯಿಲೆಯ ಮೇಲೆ ಕೆಲಸ ಮಾಡುವ ಯುವ ಸಂಶೋಧಕರಿಗೆಂದು ಒಂದೇ ಒಂದು ಹುದ್ದೆ ಕರೆಯಿತು. ಸ್ವಂತ ಲ್ಯಾಬು, ಕಾಯಂ ಕೆಲಸ, ಜೀವನಪೂರ್ತಿ ಹೆಸರಿನ ಜೊತೆ ಮೆರೆಯುವ ಪದವಿ. ನನ್ನ ಗುತ್ತಿಗೆ ಕೆಲಸ ಆ ಬೇಸಿಗೆಗೆ ಮುಗಿಯುವುದರಲ್ಲಿತ್ತು. ಈ ಹುದ್ದೆ ಸಿಕ್ಕರೆ ಸಂಶೋಧಕಿ, ಇಲ್ಲದಿದ್ದರೆ ಯಾವುದೋ ಕಾಲೇಜಿನಲ್ಲಿ ಪಾರ್ಟ್‌ಟೈಮ್ ಪಾಠ. ನಾನು ಅರ್ಜಿ ಹಾಕಿದೆ. ಅವಳೂ ಹಾಕಿದಳು. ಹಾಕಿದ್ದಲ್ಲದೆ ತನ್ನ ಬಯೋಡೇಟಾ ತಂದು ನನ್ನ ಮೇಜಿನ ಮೇಲಿಟ್ಟು, ಸ್ವಲ್ಪ ನೋಡಿಕೊಡಿ ಎಂದಳು.

ಎಷ್ಟು ಸಂತೋಷದಿಂದ ನೋಡಿದೆ! ವಿದೇಶದ ಮುಖ ಕಂಡವಳಲ್ಲ. ನಾನು ಎರಡು ಚಳಿಗಾಲ ಜರ್ಮನಿಯಲ್ಲಿ ಕಳೆದು ಬಂದವಳು. ಅವಳ ಲೇಖನಗಳು ಬೆರಳೆಣಿಕೆಯಷ್ಟು. ನನ್ನವು ಎರಡು ಪುಟ ತುಂಬಿದ್ದವು. ಧಾರಾಳವಾಗಿ ಅವಳ ಇಂಗ್ಲಿಷ್ ತಿದ್ದುತ್ತಾ ಹೋದೆ. ಗೆಲ್ಲುವುದು ಖಾತ್ರಿಯಾದಾಗ ಔದಾರ್ಯಕ್ಕೇನು ಬರ? ಆದರೆ ಕೊನೆಯ ಪುಟದಲ್ಲಿ ಅವಳ ಮುಖ್ಯ ಸಾಧನೆಯೆಂದು ಬರೆದುಕೊಂಡಿದ್ದನ್ನು ಓದಿ ಕೈಯಲ್ಲಿದ್ದ ಪೆನ್ನು ನಿಂತಿತು. ಅದು ನಮ್ಮ ಮನೆಯ ಕಥೆ.

ನಮ್ಮ ಮನೆ ಬಸವೇಶ್ವರನಗರದಲ್ಲಿ. ಅಪ್ಪ ನಿವೃತ್ತ ಗಣಿತದ ಮೇಷ್ಟ್ರು. ನಮ್ಮ ಕಡೆ ಪರೀಕ್ಷೆ ಅಂದರೆ ಪರೀಕ್ಷೆಯೇ. ಅದು ಎಸ್ಸೆಸ್ಸೆಲ್ಸಿ ಆಗಿರಲಿ, ಮರೆವಿನದಾಗಿರಲಿ, ಫೇಲಾಗಿ ಬಂದರೆ ಮನೆತನದ ಮರ್ಯಾದೆ ಹೋಗುತ್ತದೆ. ಪಾರ್ಕಿನಲ್ಲಿ ಬೆಳಿಗ್ಗೆ ವಾಕಿಂಗ್ ಮಾಡುವ ಹಿರಿಯರ ಗುಂಪಿನಲ್ಲಿ ಶಿಬಿರಕ್ಕೆ ಮೊದಲು ಹೋಗಿ ಬಂದವರು ಅಲ್ಲಿ ಏನೇನು ಕೇಳಿದರೆಂದು ಉಳಿದವರಿಗೆ ಹೇಳುತ್ತಿದ್ದರು. ಹೋದ ವರ್ಷದ ಪ್ರಶ್ನೆಪತ್ರಿಕೆ ಕೈಗೆ ಸಿಕ್ಕಿದಂತೆ ಅಮ್ಮ ಅದನ್ನೆಲ್ಲ ಕಲಿತು ಬಂದು, ಕಾಫಿ ಕೊಡುವಾಗ ಅಪ್ಪನಿಗೆ ಅಭ್ಯಾಸ ಮಾಡಿಸುತ್ತಿದ್ದಳು. ಇವತ್ತು ಯಾವ ವಾರ, ಯಾವ ತಿಂಗಳು, ನಾವಿರುವುದು ಯಾವ ಊರು. ನೂರರಿಂದ ಏಳೇಳು ಕಳೆಯುತ್ತಾ ಹೋಗುವ ಲೆಕ್ಕವನ್ನು ಅಪ್ಪ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದರು. ಶಿಬಿರದಲ್ಲಿ ಪೂರ್ತಿ ಅಂಕ ಬಂತು. ಅಮ್ಮ ಅವತ್ತು ಕೇಸರಿಬಾತ್ ಮಾಡಿದಳು.

ಇದನ್ನು ನಾನು ಲ್ಯಾಬಿನಲ್ಲಿ ಊಟದ ಹೊತ್ತಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ. ನಮ್ಮ ಏರಿಯಾದಲ್ಲಿ ಮರೆವಿನ ಪರೀಕ್ಷೆಗೂ ಟ್ಯೂಷನ್ ಇದೆ ಎಂದಿದ್ದೆ. ಅವಳೊಬ್ಬಳು ಮಾತ್ರ ನಕ್ಕಿರಲಿಲ್ಲ. ಹಾಗಾದರೆ ಎಷ್ಟು ಜನಕ್ಕೆ ಕಾಯಿಲೆ ಶುರುವಾಗಿಯೂ ನಮಗೆ ಗೊತ್ತಾಗದೆ ಹೋಗಿದೆಯೋ ಎಂದು ಕೇಳಿದ್ದಳು. ಆಮೇಲೆ ಒಂದೆರಡು ವರ್ಷ ಮನೆಮನೆ ಅಲೆದು, ಮನೆಯವರು ಹೇಳಿಕೊಡುವ ಈ ಪಾಠದಿಂದ ಪರೀಕ್ಷೆ ಹೇಗೆ ಮೋಸಹೋಗುತ್ತದೆ ಎಂಬುದನ್ನು ತೋರಿಸಿದಳು. ಅದಕ್ಕೊಂದು ಉಪಾಯವನ್ನೂ ಕಂಡುಕೊಂಡಳು. ಮನೆಯವರನ್ನು ಹೊರಗೆ ಕೂರಿಸಿ, ಹಿರಿಯರ ಜೊತೆ ಮಾತ್ರ ಬೆಳಿಗ್ಗೆಯಿಂದ ನಡೆದದ್ದರ ಬಗ್ಗೆ ಹರಟುವುದು. ಬಳಿಕ ಅದನ್ನೇ ಮನೆಯವರನ್ನು ಬೇರೆ ಕೇಳಿ ಹೋಲಿಸುವುದು. ಇಂಥ ಪರೀಕ್ಷೆಗೆ ಯಾವ ಪಾರ್ಕಿನಲ್ಲೂ ಟ್ಯೂಷನ್ ಸಿಗುವುದಿಲ್ಲ.

ಅವಳ ಬಯೋಡೇಟಾ ತಿದ್ದಿ ಕೊಟ್ಟೆ. ಚೆನ್ನಾಗಿದೆ ಎಂದೆ. ಆದರೆ ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಅವಳ ನಗು ಕಂಡರೆ ಉರಿ, ಅವಳ ಡಬ್ಬಿಯ ರೊಟ್ಟಿ ಚಟ್ನಿಪುಡಿಯ ವಾಸನೆಗೆ ಉರಿ. ನನ್ನ ಅಪ್ಪ, ನನ್ನ ಅಮ್ಮ, ನಾನು ಹೇಳಿದ ಮಾತು; ಸಾಧನೆ ಮಾತ್ರ ಅವಳದು. ಕಳ್ಳಿ ಎಂಬ ಪದವನ್ನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೆಂದರೆ, ಅವಳು ಎದುರಿಗೆ ಬಂದಾಗ ಎಲ್ಲಿ ಬಾಯಿಗೇ ಬಂದುಬಿಡುತ್ತದೋ ಎಂದು ಹೆದರಿಕೆಯಾಗುತ್ತಿತ್ತು. ಸಂದರ್ಶನದಲ್ಲಿ ಇದು ನನ್ನಿಂದ ಕದ್ದದ್ದೆಂದು ಹೇಳಿಯೇ ಹೇಳುತ್ತೇನೆಂದು ನಿಶ್ಚಯಿಸಿದೆ. ಬೈದಂತೆ ಕಾಣಬಾರದು, ಸಹಜವಾಗಿ ಬರಬೇಕು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ.

ಸಂದರ್ಶನಕ್ಕೆ ಅವಳನ್ನು ಮೊದಲು ಕರೆದರು. ಹೊರಗೆ ಬಂದವಳು ಆಲ್ ದಿ ಬೆಸ್ಟ್ ಅಕ್ಕಾ ಎಂದು ನನ್ನ ಕೈ ಒತ್ತಿ ಹೋದಳು. ಒಳಗೆ ನಡುವಿನ ಕುರ್ಚಿಯಲ್ಲಿ ನರೆಗೂದಲಿನ ಹೆಂಗಸೊಬ್ಬರು ಕೂತಿದ್ದರು, ಅವರೇ ಅಧ್ಯಕ್ಷೆ. ನನ್ನ ಇಲಿಗಳ ಬಗ್ಗೆ ಮರ್ಯಾದೆಯಿಂದ ನಾಲ್ಕು ಮಾತು ಕೇಳಿದರು. ನಾನು ನನ್ನ ಅಸ್ತ್ರಕ್ಕೆ ಸಮಯ ನೋಡುತ್ತಿದ್ದೆ. ಅಷ್ಟರಲ್ಲಿ ಅವರೇ ಆ ಮಾತು ತೆಗೆದರು. ನಿಮ್ಮ ಜೂನಿಯರ್ ಈಗ ತಾನೇ ಹೇಳಿದರು, ಅವರ ಇಡೀ ಕೆಲಸ ಹುಟ್ಟಿದ್ದು ನೀವು ಗಮನಿಸಿ ಹೇಳಿದ ಒಂದು ವಿಷಯದಿಂದಂತೆ. ಅಷ್ಟು ದೊಡ್ಡದು ನಿಮ್ಮ ಕಣ್ಣಿಗೆ ಬಿದ್ದಿತ್ತಲ್ಲ, ನೀವೇ ಯಾಕೆ ಅದನ್ನು ಮುಂದುವರಿಸಲಿಲ್ಲ?

ಅದು ನನ್ನ ಕ್ಷೇತ್ರವಲ್ಲ ಎಂದು ಏನೋ ಹೇಳಿದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನೆನಪಿಗೆ ಬಂತು, ಅದೂ ನಿಜವಲ್ಲ. ಆ ಗಿಡದ ಹತ್ತಿರ ಹೋಗಲು ನನಗೆ ಭಯವಿತ್ತು. ಮನೆಪಾಠದಿಂದ ಜನ ಪಾಸಾಗುತ್ತಾರೆಂದು ಸಾಧಿಸಲು ಹೊರಟರೆ, ಮೊದಲು ಅನುಮಾನಿಸಬೇಕಾದ ಪೂರ್ತಿ ಅಂಕ ಅಪ್ಪನದು. ಅದಕ್ಕೇ ನಗೆಚಾಟಿಕೆ ಮಾಡಿ ತೇಲಿಸಿದ್ದೆ. ಇದನ್ನು ಆ ಕೋಣೆಯಲ್ಲಿ ಹೇಗೆ ಹೇಳುವುದು?

ಹುದ್ದೆ ಅವಳಿಗೇ ಆಯಿತು. ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ಲ್ಯಾಬಿನವರಿಗೆಲ್ಲ ದೋಸೆ ಕೊಡಿಸಿದಳು. ನಾನೂ ಹೋಗಿ ತಿಂದೆ. ಅವಳು ನಿಜವಾಗಿ ಕಳ್ಳಿಯಾಗಿದ್ದರೆ ನನಗೆ ಎಷ್ಟು ಅನುಕೂಲವಿತ್ತು! ಬೈದುಕೊಂಡು, ಶಪಿಸಿ, ಕಣ್ಣೀರು ಹಾಕಿ ಹಗುರಾಗುತ್ತಿದ್ದೆ. ಅವಳು ಎಲ್ಲವನ್ನೂ ನನ್ನ ಹೆಸರು ಹೇಳಿಯೇ ಗೆದ್ದುಕೊಂಡಿದ್ದಳು. ನ್ಯಾಯ ನನ್ನ ಕಡೆಗಿಲ್ಲ ಎಂದು ಗೊತ್ತಾದ ಮೇಲೆ ಉರಿ ಇನ್ನೂ ಜೋರಾಯಿತು.

ಬೇಸಿಗೆ ಕಳೆದು ನಾನು ಕಾಲೇಜೊಂದರಲ್ಲಿ ಪಾಠಕ್ಕೆ ಸೇರಿಕೊಂಡೆ. ಒಂದು ಸಂಜೆ ಅಪ್ಪ ಕೊತ್ತಂಬರಿ ಸೊಪ್ಪು ತರಲು ಹೋದವರು, ಹಿಂದಿನ ಬೀದಿಯ ಯಾರದೋ ಮನೆಯ ಗೇಟು ತೆಗೆದು, ಬಾಗಿಲಿಗೆ ನಮ್ಮ ಮನೆಯ ಬೀಗದ ಕೈ ಹಾಕಿ ತಿರುಗಿಸುತ್ತಿದ್ದರಂತೆ. ಆ ಮನೆಯವರೇ ಕರೆದುಕೊಂಡು ಬಂದು ಬಿಟ್ಟರು. ಅಮ್ಮ ಮಾರನೆಯ ದಿನ ಕಾಫಿ ಕೊಡುವಾಗ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಅಡುಗೆಮನೆಗೆ ಬಂದು ನನಗೆ ಹೇಳಿದಳು.

"ನಿನ್ನ ಜೊತೆ ಇದ್ಳಲ್ಲ, ಆ ಹುಡುಗಿ ಹತ್ರಾನೇ ಕರ್ಕೊಂಡ್ಹೋಗೋಣ ಕಣೇ. ಇದಕ್ಕೆ ಈಗ ಅವಳೇ ದೊಡ್ಡೋಳಂತೆ."

ಬೇರೆ ಯಾರಾದರೂ ಇದ್ದಾರೆಯೇ ಎಂದು ಎರಡು ದಿನ ಹುಡುಕಿದೆ. ಅವಳಷ್ಟು ಸರಿಯಾಗಿ ನೋಡುವವರು ಯಾರೂ ಇರಲಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೋದೆವು. ಬಾಗಿಲ ಮೇಲೆ ಅವಳ ಹೆಸರು, ಹೆಸರಿನ ಕೆಳಗೆ ಆ ಪದವಿ. ಅವಳು ಎದ್ದು ಬಂದು ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನೀವು ಹೊರಗೆ ಕೂತಿರಿ ಅಕ್ಕಾ, ಎಂದು ಮೆಲ್ಲಗೆ ಹೇಳಿ ಅಪ್ಪನನ್ನು ಒಳಗೆ ಕರೆದುಕೊಂಡಳು. ಬಹಳ ಹೊತ್ತು ಒಳಗಿನಿಂದ ಅಪ್ಪನ ನಗು ಕೇಳುತ್ತಿತ್ತು. ಆ ನಗುವಿಗೂ ನನಗೆ ಹೊಟ್ಟೆ ಉರಿಯಿತು. ಆಮೇಲೆ ಅಪ್ಪನನ್ನು ಹೊರಗೆ ಕಳಿಸಿ ಅಮ್ಮನನ್ನು ಕರೆದಳು.

ಅಪ್ಪ ನನ್ನ ಪಕ್ಕ ಬೆಂಚಿನ ಮೇಲೆ ಕೂತರು. ಬಹಳ ಪ್ರಸನ್ನರಾಗಿದ್ದರು. ಓದಿದರೆ ಆ ಹುಡುಗಿಯ ಹಾಗೆ ಓದಬೇಕು ಎಂದರು. ತಮ್ಮ ಶಾಲೆಯಲ್ಲಿ ಅಂಥವರು ಒಬ್ಬಿಬ್ಬರು ಸಿಕ್ಕಿದ್ದರೆ ಸಾಕಿತ್ತು ಎಂದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು.

"ನೀನೇನಮ್ಮ ಓದಿದ್ದು?"

"ಅವಳು ಓದಿದ್ದೇ ಅಪ್ಪಾ. ಇದೇ ಕಾಯಿಲೆ."

ಅಪ್ಪ ಮುಚ್ಚಿದ ಬಾಗಿಲನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಲೆಕ್ಕ ಎಲ್ಲೋ ತಾಳೆಯಾಗದಾಗ ಮೇಷ್ಟ್ರ ಹಣೆಯ ಮೇಲೆ ಮೂಡುವ ಗೆರೆ ಮೂಡಿತು.

"ಮತ್ತೆ ನೀನ್ಯಾಕಮ್ಮ ಹೊರಗೆ ಕೂತಿದೀಯ?"