ನಿಂಬೆಗಿಡಕ್ಕೆ ಗುಲಾಬಿಯ ಪಾಠ

ಗಿಡಮರಗಳ ವಿಷಯದಲ್ಲಿ ನಾನು ಸರ್ಕಾರದಿಂದ ತರಬೇತಿ ಪಡೆದವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿದ ಮೇಲೆ ಹೇಳಿದರೆ ನೀವು ನಂಬಲಾರಿರಿ. ತರಬೇತಿಯ ಅವಧಿ ಹತ್ತು ದಿನ. ಅದರಲ್ಲಿ ಒಂದು ಭಾನುವಾರ, ಇನ್ನೊಂದು ದಿನ ನನಗೆ ಜ್ವರ.

ಆಗ ನಾನು ಮಳವಳ್ಳಿಯ ಶಾಲೆಯೊಂದರಲ್ಲಿ ಮೇಷ್ಟ್ರು. ಯುದ್ಧದ ಕಾಲ, ಅಕ್ಕಿಗೂ ಚೀಟಿ, ಸೀಮೆಎಣ್ಣೆಗೂ ಚೀಟಿ. ಶಾಲೆಯ ಆವರಣದಲ್ಲೂ ತರಕಾರಿ ಬೆಳೆಯಬೇಕು, ಅದಕ್ಕಾಗಿ ಪ್ರತಿ ಶಾಲೆಯಿಂದ ಒಬ್ಬರು ಮಂಡ್ಯಕ್ಕೆ ಹೋಗಿ ತೋಟದ ಪಾಠ ಕಲಿತು ಬರಬೇಕು ಎಂದು ಮೇಲಿನಿಂದ ಆಜ್ಞೆ ಬಂತು. ಹೆಡ್‌ಮೇಷ್ಟ್ರು ನಮ್ಮೆಲ್ಲರ ಮೇಲೂ ಒಮ್ಮೆ ಕಣ್ಣಾಡಿಸಿ, "ನೀವು ಹೋಗಿಬನ್ನಿ" ಎಂದು ನನಗೆ ಹೇಳಿದರು. ನನ್ನೊಳಗೆ ಅಡಗಿದ್ದ ತೋಟಗಾರನನ್ನು ಗುರುತಿಸಿದರೆಂದು ಹಿಗ್ಗಿದೆ. ಹತ್ತು ದಿನ ಇಲ್ಲದಿದ್ದರೂ ಶಾಲೆಗೆ ನಷ್ಟವಾಗದಂಥವರು ಯಾರೆಂದು ಅವರು ಹುಡುಕುತ್ತಿದ್ದರೆಂಬುದು ತಿಳಿದದ್ದು ಆಮೇಲೆ.

ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸನ್ನು ಮದ್ದೂರು ಸೇರುವಷ್ಟರಲ್ಲಿ ಎರಡು ಕಡೆ ಇಳಿದು ತಳ್ಳಿ, ಮುಖಕ್ಕೆ ಮಸಿ ಬಳಿದುಕೊಂಡು ಮಂಡ್ಯ ತಲುಪಿದೆ. ಪಾಠ ಹೇಳಿದವರು ಬೆಂಗಳೂರಿನಿಂದ ಬಂದಿದ್ದ ಪೇಟದ ಹಿರಿಯರು. ಗಿಡ ನೆಡುವ ಮೊದಲು ತೋಟದ ಚರಿತ್ರೆ ತಿಳಿಯಬೇಕೆಂಬುದು ಅವರ ಮತ. ಹಾಗಾಗಿ ಮೊದಲ ಮೂರು ದಿನ ಪಾರಸೀಕ ದೊರೆಗಳ ತೋಟಗಳಲ್ಲೇ ಅಡ್ಡಾಡಿದೆವು. ನಾಲ್ಕು ಚೌಕ, ನಡುವೆ ಕಾಲುವೆ, ಕಾಲುವೆಯ ನಡುವೆ ಕಾರಂಜಿ. ಬಾಯಿ ತೆರೆದು ಕೇಳಿದೆ. ನಾಲ್ಕನೆಯ ದಿನ ಅವರು ಮೆಣಸಿನಕಾಯಿ ನಮ್ಮದಲ್ಲ, ಹಡಗು ಹತ್ತಿ ಬಂದ ಪರದೇಶಿ ಎಂದರು. ಬಸರಾಳಿನಿಂದ ಬಂದಿದ್ದ ಮೇಷ್ಟ್ರೊಬ್ಬರು ತಡೆಯಲಾರದೆ ಎದ್ದು ನಿಂತು, "ಹಾಗಾದ್ರೆ ಅದಕ್ಕೂ ಮುಂಚೆ ನಮ್ಮ ತಾತಂದಿರು ಮುದ್ದೆಗೆ ಯಾವ ಸಾರು ಮಾಡ್ಕೊಳ್ತಿದ್ರು ಸಾರ್?" ಎಂದು ಕೇಳಿದರು. "ಕರಿಮೆಣಸಿನ ಸಾರು" ಎಂಬ ಉತ್ತರ ಬಂತು. ಪೂರ್ವಿಕರಿಗಾಗಿ ಬಸರಾಳಿನ ಮೇಷ್ಟ್ರು ಆ ಸಂಜೆಯವರೆಗೂ ಮರುಗಿದರು.

ನಿಂಬೆಯ ಪಾಠ ಬಂದದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ. ಸಕ್ಕರೆ ಕಾರ್ಖಾನೆಯ ಕಡೆಯಿಂದ ಕಾಕಂಬಿಯ ವಾಸನೆ ಹೊತ್ತ ಗಾಳಿ ಬೀಸುತ್ತಿತ್ತು. 'ನಿಂಬೆ' ಎಂದು ದೊಡ್ಡದಾಗಿ ತಲೆಬರಹ ಬರೆದುಕೊಂಡೆ. ಜೊಂಪು ಹತ್ತಿತು. ಎಚ್ಚರವಾದಾಗ ಅವರು ಹೇಳುತ್ತಿದ್ದುದನ್ನು ಒಂದಕ್ಷರ ಬಿಡದೆ ಅದರ ಕೆಳಗೆ ಇಳಿಸಿಕೊಂಡೆ. ನಡುವೆ ಪಾಠ ಬದಲಾಗಿದ್ದಿರಬಹುದೆಂಬ ಅನುಮಾನ ಮಾತ್ರ ಬರಲಿಲ್ಲ.

ಸರ್ಟಿಫಿಕೇಟು ಹಿಡಿದು ಊರಿಗೆ ಬಂದು ವಾರವಾಗಿರಲಿಲ್ಲ, ಕೆಂಪಮ್ಮ ಮನೆಗೆ ಬಂದರು. ನಮ್ಮ ಬೀದಿಯವರೇ, ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಅವರ ಹಿತ್ತಿಲಲ್ಲಿ ಒಂದು ನಿಂಬೆಗಿಡ. ಅದರ ಹಣ್ಣನ್ನು ಬುಟ್ಟಿಯಲ್ಲಿ ಹೊತ್ತು ಸಂತೆಗೆ ಹೋದರೆ ವಾರದ ರಾಗಿ ಮನೆಗೆ ಬರುತ್ತಿತ್ತು.

"ಮೇಷ್ಟ್ರೇ, ಗಿಡದ್ ಓದು ಓದ್ಕ ಬಂದಿದ್ದೀರಂತೆ. ನಮ್ ನಿಂಬೆಗಿಡ ತುದೀಲಿ ಒಣಗ್ತಾ ಅದೆ. ವಸಿ ಬಂದ್ ನೋಡಿ" ಎಂದರು.

ನನಗೆ ತಿಳಿಯದೆಂದು ಹೇಳಬಹುದಿತ್ತು. ಆದರೆ ಗೋಡೆಯ ಮೇಲೆ ಸರ್ಟಿಫಿಕೇಟು ತೂಗುತ್ತಿತ್ತಲ್ಲ! ಪುಸ್ತಕ ತೆಗೆದೆ, ಮಚ್ಚು ಹಿಡಿದೆ. 'ನಿಂಬೆ'ಯ ಕೆಳಗೆ ಸ್ಪಷ್ಟವಾಗಿಯೇ ಇತ್ತು: ಕೊಂಬೆಗೆ ಚಿಗುರೊಡೆಯುವ ಮೂರು ಕಣ್ಣು ಬಿಟ್ಟು ಮಿಕ್ಕಿದ್ದನ್ನು ಕತ್ತರಿಸುವುದು. ಹಾಗೆಯೇ ಕತ್ತರಿಸಿದೆ. ಹೂವು, ಹೀಚು, ನಾಳೆ ಸಂತೆಗೆ ಹೋಗಬೇಕಿದ್ದ ಕಾಯಿ ಎಲ್ಲವೂ ನೆಲಕ್ಕೆ ಬಿದ್ದವು. "ಇಷ್ಟೊಂದ್ ಕಡೀಬೇಕಾ ಮೇಷ್ಟ್ರೇ?" ಎಂದು ಕೆಂಪಮ್ಮ ಎರಡು ಸಲ ಕೇಳಿದರು. "ಶಾಸ್ತ್ರ ಹಾಗೆ ಹೇಳುತ್ತಮ್ಮ" ಎಂದು ಎರಡು ಸಲವೂ ಹೇಳಿದೆ.

ತಿಂಗಳಾದ ಮೇಲೆ ಒಂದು ದಿನ ಆ ಪುಟವನ್ನು ಕೊನೆಯವರೆಗೂ ಓದಿದೆ. ಕಡೆಯ ಸಾಲು ಹೀಗಿತ್ತು: 'ಹೀಗೆ ಮಾಡಿದರೆ ಹೂವುಗಳು ದೊಡ್ಡದಾಗಿ ಅರಳಿ, ದೊರೆಗಳ ಮೇಜಿನ ಮೇಲಿಡಲು ಯೋಗ್ಯವಾಗುತ್ತವೆ.' ನಿಂಬೆಯ ಹೂವನ್ನು ಯಾವ ದೊರೆ ಮೇಜಿನ ಮೇಲಿಟ್ಟುಕೊಳ್ಳುತ್ತಾನೆ? ನಾನು ಬರೆದುಕೊಂಡದ್ದು ಗುಲಾಬಿಯ ಪಾಠ!

ಕೆಂಪಮ್ಮನವರ ಕಣ್ಣಿಗೆ ಬೀಳದಂತೆ ಎಂಟು ದಿನ ಮನೆಯ ಹಿಂದಿನ ಓಣಿಯಲ್ಲಿ ಸುತ್ತಿಕೊಂಡು ಶಾಲೆಗೆ ಹೋದೆ. ಒಂಬತ್ತನೆಯ ದಿನ ಆ ಓಣಿಯಲ್ಲೇ ಕೆಂಪಮ್ಮ ಎದುರಾದರು. ತಲೆಯ ಮೇಲೆ ಸೌದೆಯ ಹೊರೆ. ಸಂತೆಗೆ ಹೋಗುತ್ತಿದ್ದವರು ಈಗ ಸೌದೆ ಆಯಲು ಹೋಗುತ್ತಿದ್ದರು. ಇನ್ನು ತಡೆಯಲಾಗಲಿಲ್ಲ. "ನನಗೆ ಗೊತ್ತಿರಲಿಲ್ಲಮ್ಮ. ಗುಲಾಬಿಗೆ ಹೇಳಿದ್ದನ್ನ ನಿಂಬೆಗೆ ಮಾಡಿಬಿಟ್ಟೆ" ಎಂದೆ.

ಅವರು ಹೊರೆ ಇಳಿಸಿ ನನ್ನನ್ನೇ ನೋಡಿದರು. "ಗೊತ್ತಿಲ್ಲ ಅನ್ನಕೆ ಬಾಯ್ಗೇನ್ ಬಂದಿತ್ತು ನಿಮ್ಗೆ? ಗಿಡ ಸಾಯಾಕಿಲ್ಲ ಬುಡಿ, ಚಿಗುರ್ತದೆ. ಆದ್ರೆ ಕಾಯ್ ಕಚ್ಚಕೆ ಎಲ್ಡು ವರ್ಸ ಬೇಕು. ಅಲ್ಲೀಗಂಟ ಸಂತೇಗ್ ಏನ್ ಒತ್ಕ ಓಗ್ಲಿ? ನಿಮ್ ಸರ್ಟಿಪಿಕೇಟಾ?"

ಅಲ್ಲಿಂದ ನೇರವಾಗಿ ಹೆಡ್‌ಮೇಷ್ಟ್ರ ಮುಂದೆ ಹೋಗಿ ನಿಂತು ನಡೆದದ್ದನ್ನೆಲ್ಲ ಒಪ್ಪಿಸಿದೆ. ಶಾಲೆಯ ತೋಟವನ್ನು ಕೆಂಪಮ್ಮ ನೋಡಿಕೊಳ್ಳಲಿ, ಬೆಳೆದದ್ದರಲ್ಲಿ ಅರ್ಧ ಮಕ್ಕಳಿಗೆ, ಅರ್ಧ ಅವರಿಗೆ ಎಂದು ಬೇಡಿಕೊಂಡೆ. ಹೆಡ್‌ಮೇಷ್ಟ್ರು ತಕ್ಷಣ ಒಪ್ಪಿದರು. ನನ್ನ ಕೈಯಲ್ಲಿ ಅದುವರೆಗೆ ಅಲ್ಲಿ ಒಂದು ದಂಟು ಕೂಡ ಮೊಳೆತಿರಲಿಲ್ಲ.

ಮಾರನೆಯ ದಿನ ಕೆಂಪಮ್ಮ ಶಾಲೆಗೆ ಬಂದು, ಅಲ್ಲಿ ನಾನು ಮಾಡಿಟ್ಟಿದ್ದ ಪಾರಸೀಕ ತೋಟವನ್ನು ನೋಡಿದರು. ನಾಲ್ಕು ಚೌಕ, ನಡುವೆ ನೀರಿಲ್ಲದ ಕಾಲುವೆ. "ಇದೇನ್ ಮೇಷ್ಟ್ರೇ, ಚೌಕಾಬಾರ ಆಡಕೆ ಮನೆ ಬರ್ದಿದ್ದೀರಾ?" ಎಂದು ಗುದ್ದಲಿಯಿಂದ ಎಲ್ಲವನ್ನೂ ಮಟ್ಟ ಮಾಡಿಬಿಟ್ಟರು. ಅಂದಿನಿಂದ ನಾನು ಅವರ ಶಿಷ್ಯ. ಬೀಜವನ್ನು ಎಷ್ಟು ಆಳಕ್ಕೆ ಊರಬೇಕು, ಹುಳು ಬಿದ್ದ ಎಲೆಗೆ ಒಲೆಯ ಬೂದಿಯನ್ನು ಯಾವ ಹೊತ್ತಿನಲ್ಲಿ ಚಿಮುಕಿಸಬೇಕು, ಯಾವ ಬಳ್ಳಿ ಯಾವ ಬಳ್ಳಿಯ ಪಕ್ಕದಲ್ಲಿ ಮುನಿಸಿಕೊಳ್ಳುತ್ತದೆ. ಈ ಪಾಠದಲ್ಲಿ ಜೊಂಪು ಹತ್ತುವ ಹಾಗಿರಲಿಲ್ಲ. ಕೈಯಲ್ಲಿ ಸದಾ ಬಿಂದಿಗೆ ಇರುತ್ತಿತ್ತು. ಅವರ ಬುಟ್ಟಿ ಮತ್ತೆ ಸಂತೆಗೆ ಹೋಯಿತು, ಈ ಸಲ ಹೀರೆಕಾಯಿ, ಬದನೆಕಾಯಿ ತುಂಬಿಕೊಂಡು. ಎರಡು ವರ್ಷಕ್ಕೆ ನಿಂಬೆಯೂ ಕಾಯಿ ಬಿಟ್ಟಿತು. ಆದರೂ ಅವರು ಶಾಲೆಯ ತೋಟ ಬಿಡಲಿಲ್ಲ.

ಆ ವರ್ಷವೇ ಶಾಲೆಗಳ ಇನ್‌ಸ್ಪೆಕ್ಟರು ಬಂದರು. ಚಪ್ಪರದಿಂದ ಇಳಿಬಿದ್ದ ಹೀರೆಕಾಯಿಗಳನ್ನು ನೋಡಿ, "ಭೇಷ್! ತರಬೇತಿ ಸಾರ್ಥಕವಾಯಿತು" ಎಂದು ನನ್ನ ಬೆನ್ನು ತಟ್ಟಿದರು. ಎಲ್ಲಿ ತೋಟ ಕೈಬಿಟ್ಟುಹೋಗುವುದೋ ಎಂಬ ಅಂಜಿಕೆಯಿಂದ ಕೆಂಪಮ್ಮ, "ಎಲ್ಲಾ ಮೇಷ್ಟ್ರೇ ಏಳ್ಕೊಟ್ಟಿದ್ದು ಸ್ವಾಮಿ" ಎಂದುಬಿಟ್ಟರು. ಇದನ್ನು ನುಂಗಲು ನನ್ನಿಂದ ಆಗಲಿಲ್ಲ. ಜೊಂಪು, ಗುಲಾಬಿ, ಮಚ್ಚು, ಹಿಂದಿನ ಓಣಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಈ ತೋಟದ ಮೇಷ್ಟ್ರು ಇವರು, ನಾನು ನೀರು ಹೊರುವವನು ಎಂದೆ.

ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದು ನಕ್ಕರು. "ನಿಜವಾಗಿ ತಿಳಿದವರು ಹೀಗೇ, ತಮ್ಮನ್ನು ತಾವೇ ಹಳಿದುಕೊಳ್ಳುತ್ತಾರೆ" ಎಂದು, 'ಈ ಉಪಾಧ್ಯಾಯರಲ್ಲಿ ಜ್ಞಾನಕ್ಕಿಂತ ವಿನಯ ಹೆಚ್ಚು' ಎಂದು ಶಾಲೆಯ ತಪಾಸಣೆ ಪುಸ್ತಕದಲ್ಲಿ ಬರೆದು, ಎರಡು ಹೀರೆಕಾಯಿ ಕಟ್ಟಿಸಿಕೊಂಡು ಹೋದರು.

ನಾನು ಪೆಚ್ಚಾಗಿ ನಿಂತಿದ್ದೆ. ಕೆಂಪಮ್ಮ ಕಳೆ ಕೀಳುತ್ತಾ ತಲೆಯೆತ್ತದೆಯೇ ಹೇಳಿದರು: "ನಿಜಾನ ವಸಿವಸಿ ಏಳ್ಬೇಕು ಮೇಷ್ಟ್ರೇ. ಒಂದೇ ಕಿತ ಕೊಡಗಟ್ಲೆ ಉಯ್ದ್ರೆ ಯಾವ್ ಬೇರು ಕುಡ್ದದು?"