ಗಾಡಿಗೆ ಕರೆಯಲು ಬಂದ ಆಯಿ

ಆಯಿಯ ಹೆಬ್ಬೆರಳಿಗೆ ಶುಂಠಿ ವಾಸನೆ ಅಂಟಿಕೊಂಡೇ ಇರುತ್ತಿತ್ತು. ಅದೇ ಬೆರಳಿನಿಂದ ನನ್ನ ಗಲ್ಲ ಹಿಂಡಿ, “ಕಾಲೇಜಿಗಿ ಹೊಂಟೀಯೇನ ಬೇ?” ಎಂದರೆ ಕಣ್ಣಲ್ಲಿ ನೀರು ಬರುತ್ತಿತ್ತು, ಜೊತೆಗೆ ನಗುವೂ.

ವಿಜಯಪುರದ ಸಮೀಪದ ನಮ್ಮ ಪುಟ್ಟ ಸ್ಟೇಷನ್ನಿನಲ್ಲಿ ಆಗ ನಿಲ್ಲುತ್ತಿದ್ದುದು ಒಂದೇ ಪ್ಯಾಸೆಂಜರ್, ಅದೂ ನಡುಮಧ್ಯಾಹ್ನ. ಅಲ್ಲಿ ಬೇವಿನ ಮರದಡಿ, ಊರಿಗೆಲ್ಲ ಅಜ್ಜಿಯಂತಿದ್ದ ಆಯಿ ಚಹಾ ಮಾರುತ್ತಿದ್ದಳು. ಅಷ್ಟು ವರ್ಷ ಗಾಡಿಯ ಪಕ್ಕದಲ್ಲೇ ಬಾಳಿದವಳು ಒಮ್ಮೆಯೂ ಅದನ್ನು ಹತ್ತಿರಲಿಲ್ಲ. ಕೇಳಿದರೆ, “ನನ್ನ ತವರಮನಿ ಕಳ್ಳಕವಟಗಿ. ಅಲ್ಲಿಗಿ ಹೋಗದ ಗಾಡಿ ನಾ ಯಾಕ ಏರ್ಲಿ?” ಎಂದು ಜಂಬ ಕೊಚ್ಚುತ್ತಿದ್ದಳು. ನಿಜವಾಗಿ ಅವಳಿಗೆ ಗಾಡಿಯೆಂದರೆ ಜೀವಭಯ.

ಒಮ್ಮೆ, ಬೆಳಗ್ಗೆ ವಿಜಯಪುರಕ್ಕೆ ಹೋಗಿ ಸಂಜೆ ಮರಳುವ ಗಾಡಿಯನ್ನು ನಮ್ಮಲ್ಲೂ ನಿಲ್ಲಿಸುತ್ತಾರೆಂಬ ಸುದ್ದಿ ಬಂತು. ಸ್ವಲ್ಪ ದಿನ ನೋಡುತ್ತಾರೆ, ಜನ ಹತ್ತದಿದ್ದರೆ ರದ್ದು! ನನಗೆ ಕುಣಿಯುವಷ್ಟು ಖುಷಿ, ಅಷ್ಟೇ ದಿಗಿಲು. ವಿಜಯಪುರದ ಕಾಲೇಜಿಗೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ಕತ್ತಲಾದ ಮೇಲೆ ಮನೆ ಸೇರುವುದನ್ನು ನೋಡಿ ನೋಡಿ ಅಪ್ಪ ರೋಸಿಹೋಗಿದ್ದರು. “ಗಾಡಿ ಉಳದ್ರ ಕಾಲೇಜು, ಇಲ್ಲಂದ್ರ ಮನ್ಯಾಗಿರು,” ಎಂದುಬಿಟ್ಟರು.

ಇದು ಕಿವಿಗೆ ಬಿದ್ದದ್ದೇ ತಡ, ಆಯಿ ಒಲೆ ಆರಿಸಿ ಕುಂಕುಮದ ಬಟ್ಟಲು ಹಿಡಿದು ಹೊರಟೇಬಿಟ್ಟಳು. ಮನೆಮನೆಗೂ ಹೋಗಿ ಹೆಂಗಸರ ಹಣೆಗೆ ಕುಂಕುಮ ಹಚ್ಚಿ, ಗಂಡಸರ ಕೈಗೆ ಅಕ್ಷತೆ ಹಾಕಿ, “ನಾಳಿ ಮುಂಜಾನಿ ಗಾಡಿಗಿ ಬರ್ರಿ, ತಪ್ಪಸಬ್ಯಾಡ್ರಿ,” ಎಂದು ಮದುವೆಗೆ ಕರೆದಂತೆ ಕರೆದಳು.

ಜನ ಬಂದರು ನೋಡಿ! ಜರಿ ಸೀರೆ, ಹೊಸ ರುಮಾಲು, ಹಲಗಿಯ ಸದ್ದು, ಎಂಜಿನ್ನಿಗೆ ಹಾಕಲು ಹಾರ, ಒಡೆಯಲು ತೆಂಗಿನಕಾಯಿ. ಟಿಕೆಟ್ ಕಿಟಕಿಯ ಮುಂದೆ ಮಾತ್ರ ನಾನೊಬ್ಬಳೇ. ಎಲ್ಲರೂ ಗಾಡಿಯನ್ನು ಬರಮಾಡಿಕೊಳ್ಳಲು ಬಂದಿದ್ದರೇ ಹೊರತು ಹತ್ತಲಿಕ್ಕಲ್ಲ. ಆಯಿ ಹಣೆ ಚಚ್ಚಿಕೊಂಡಳು.

“ಎಲ್ಲಾರೂ ಬೀಗರಾಗಿ ಬಂದೀರಲ್ರಿ! ಆರತಿ ಮಾಡಿದ್ರ ಗಾಡಿ ಉಳೀತೈತೇನು? ಟಿಕೀಟ ತಗೀರಿ!”

“ನೀನ ಏರೂದಿಲ್ಲ, ನಮಗ ಹೇಳ್ತಿ?” ಯಾರೋ ನಕ್ಕರು.

ಆಯಿಯ ಮುಖ ಬಿಳಿಚಿತು. ಒಂದು ಸಲ ನನ್ನ ಕಡೆ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಸೀದಾ ಕಿಟಕಿಗೆ ಬಂದು, “ವಿಜಾಪುರಕ್ಕ ನನಗೊಂದು ಕೊಡ್ರಿ,” ಎಂದಳು. ನೋಡನೋಡುತ್ತಲೇ ಅವಳ ಹಿಂದೆ ಪಾಳಿ ಬೆಳೆಯಿತು, ಅಷ್ಟರಲ್ಲಿ ಗಾಡಿಯ ಸೀಟಿಯೂ ಕೇಳಿಸಿತು!

ದಾರಿಯುದ್ದಕ್ಕೂ ಕಣ್ಣು ಮುಚ್ಚಿ ನನ್ನ ಕೈ ಹಿಡಿದೇ ಇದ್ದಳು. “ಹೊಂಟೈತೇನ? ನಿಂತೈತೇನ?” ಇದೊಂದೇ ಮಾತು. ಸ್ಟೇಷನ್ ರಸ್ತೆಯ ಮಣ್ಣು ಕಾಲಿಗೆ ತಾಕಿದ ಮೇಲೆಯೇ ಅವಳಿಗೆ ಜೀವ ಬಂದಿದ್ದು. ಕಾಲೇಜಿನ ಗೇಟಿನತನಕ ಬಂದು ನನ್ನನ್ನು ಒಳಗೆ ತಳ್ಳಿ, “ಇನ್ನ ನಿಮ್ಮಪ್ಪ ಏನಂತಾನ ನೋಡೂಣು,” ಎಂದಳು.

ಮರುದಿನ ಅಪ್ಪನೇ ನನ್ನನ್ನು ಗಾಡಿ ಹತ್ತಿಸಿ ಬಂದರು. ಜನಕ್ಕೆ ಗಾಡಿಯ ರುಚಿ ಹತ್ತಿತು, ಗಾಡಿ ಉಳಿಯಿತು, ನನ್ನ ಓದು ಮುಗಿಯಿತು. ಆಯಿ ಮಾತ್ರ ಮತ್ತೆಂದೂ ಅದನ್ನು ಹತ್ತಲಿಲ್ಲ.

ಈಗ ನಾನು ವಿಜಯಪುರದಲ್ಲಿ ಶಿಕ್ಷಕಿ. ಹೋದ ಬೇಸಿಗೆಯಲ್ಲಿ ಆಯಿ ತೀರಿಕೊಂಡಳೆಂದು ಸುದ್ದಿ ಬಂದಾಗ ಸಂಜೆ ಗಾಡಿಗೆ ಓಡಿದೆ. ಕೂರುವುದಿರಲಿ, ಕಾಲಿಡಲೂ ಜಾಗವಿರಲಿಲ್ಲ. ನಿಂತೇ ಹೋದೆ, ಅಳುತ್ತಲೇ ಹೋದೆ. “ದಿನಾ ಹಿಂಗ ಗದ್ದಲ ನೋಡ್ರಿ,” ಎಂದು ಪಕ್ಕದವಳು ಗೊಣಗಿದಳು. ಆ ಮಾತು ಆಯಿಗೆ ಕೇಳಿಸಬೇಕಿತ್ತು.